ಇಮಾನದ ಬಯಲು

ಹೊಸ್ತಿಲು ದಾಟಿದ ಗುರುಪಾದಸ್ವಾಮಿ ಮತ್ತೆ ಒಳಗೆ ಬಂದ. ಮೊದಲ ಸಲ ಕೊಡೆ ಮರೆತೆನೆಂದು ಬಂದಿದ್ದ, ಈಗ ಟವಲು ಮರೆತೆನೆಂದು. ಟವಲು ಹೆಗಲ ಮೇಲೆಯೇ ಇತ್ತು. ನಡುಮನೆಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದ ಅಣ್ಣ ಪುಟ್ಟಬಸಪ್ಪ ತಲೆಯೆತ್ತಿ ನೋಡಿದ, ಮತ್ತೆ ಎಲೆಯ ಕಡೆ ಬಗ್ಗಿದ. ಅಣ್ಣ ಬೈದರೆ ಗುರುಪಾದನಿಗೆ ಒಂದು ರೀತಿಯ ನೆಮ್ಮದಿ. ಬೈಯದೆ ಹೀಗೆ ನೋಡಿ ಬಿಟ್ಟುಬಿಟ್ಟಾಗ ಮಾತ್ರ ತಾನು ಈ ಮನೆಯಲ್ಲಿ ಮೂವತ್ತು ದಾಟಿದ ಗಂಡಸಲ್ಲ, ಯಾರೋ ಬಿಟ್ಟುಹೋದ ಸಾಮಾನು ಎನಿಸುತ್ತಿತ್ತು. ಒಳಗೆ ಹೆಂಡತಿ ಶಿವರತ್ನಮ್ಮ ಒರಳಲ್ಲಿ ರುಬ್ಬುತ್ತಿದ್ದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ತಾನು ಎರಡು ಸಲ ಹೊರಟು ಎರಡು ಸಲ ಬಂದದ್ದು ಅವಳಿಗೂ ಗೊತ್ತಾಗಿದೆ. ಹಗ್ಗದ ಮೇಲಿದ್ದ ಇನ್ನೊಂದು ಟವಲನ್ನು ಎಳೆದು ಅದನ್ನೂ ಹೆಗಲಿಗೆ ಹಾಕಿಕೊಂಡು ಅವನು ಬೀದಿಗೆ ಇಳಿದ.

ಹೇಳಬೇಕಾದದ್ದು ಒಂದೇ ಮಾತು. ನಿನ್ನೆ ಊಟಕ್ಕೆ ಕೂತಾಗ ಅಣ್ಣ ಅದನ್ನು ಉಪ್ಪಿನಕಾಯಿ ಕೇಳುವಷ್ಟು ಹಗುರವಾಗಿ ಹೇಳಿದ್ದ. "ಇಮಾನದ ಬಯಲ ತಾವ್ಕೆ ಓಗ್ಬುಟ್ಟು ಬಾ. ಇಮಾನ ಬತ್ತದೆ, ಬಯಲ ತೆರವು ಮಾಡ್ಬೇಕು ಅಂತ ಸರ್ಕಾರದೋರು ಅಂದವ್ರೆ ಅನ್ನು. ಗುಡ್ಲು ಕೀಳಿ ಅಂತ ನೀ ಹೇಳ್ಬೇಡ. ಅವರಾಗೇ ಕಿತ್ಕತರೆ."

"ಬರ್ತದಾ?"

"ಯಾನ?"

"ವಿಮಾನ."

ಅಣ್ಣ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದ. "ಮೈಸೂರಲ್ಲಿ ಓದಿ ಬಂದೋನು ನೀನು. ಅದನ್ನೂ ನಾನು ಬಾಯ್ಬುಟ್ಟು ಹೇಳ್ಬೇಕಾ? ನೋಡು, ಬಲವಂತವಾಗಿ ಎಬ್ಬಿಸಿದ್ರೆ ಕೊಳ್ಳೇಗಾಲಕ್ಕೆ ಓಗಿ ಅರ್ಜಿ ಬರೆಸ್ತರೆ. ತಾವಾಗೇ ಎದ್ದೋದ್ರೆ ಯಾರಿಗೂ ಮಾತಿಲ್ಲ. ನಾ ಹೇಳಿದ್ರೆ ನಂಬಲ್ಲ ಕಣ್ಲಾ, ನೀ ಹೇಳಿದ್ರೆ ನಂಬ್ತರೆ. ನಿನ್ ಬಾಯಲ್ಲಿ ಸುಳ್ಳೂ ಸುಳ್ಳಿನಂಗೆ ಕೇಳಾಕಿಲ್ಲ." ಹಾಗೆಂದು ನಕ್ಕ. ಅತ್ತಿಗೆ ಚನ್ನಾಜಮ್ಮ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗುರುಪಾದ ಕೂಡ ನಕ್ಕಿದ್ದ. ಆ ನಗುವೇ ಈಗ, ಊರ ಕೊನೆಯ ಮನೆ ದಾಟಿ ಹುಣಸೆಮರದ ಕೆಳಗೆ ಬಂದಾಗ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತ್ತು. ತಾನೇಕೆ ನಕ್ಕೆ? ಮೆಚ್ಚಿಸುವುದಕ್ಕೋ, ಅವಮಾನ ಮುಚ್ಚಿಕೊಳ್ಳುವುದಕ್ಕೋ, ಅಥವಾ ಅಣ್ಣ ಹೇಳಿದ್ದು ನಿಜವಾಗಿಯೂ ಒಂದು ಹೊಗಳಿಕೆ ಎಂದು ಒಳಗೆ ಯಾವುದೋ ಒಂದು ಮೂಲೆ ಹಿಗ್ಗಿತ್ತೋ?

ಹೊನ್ನೆತಿಟ್ಟು ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವಿನ ನೆಲ. ಹರಿಗೋಲು ಹತ್ತದೆ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಆಚೆ ದಡದಿಂದ ಸತ್ತೇಗಾಲಕ್ಕೆ ನಡೆದು ಅಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯಬೇಕು. ಇಂಥ ಊರಿಗೆ ವಿಮಾನ ಬಂದಿತ್ತೆಂದರೆ ಹೊರಗಿನವರು ನಂಬುವುದಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಒಮ್ಮೆ ಅವನು ಹೇಳಿಕೊಂಡಾಗ ಹುಡುಗರು ಅವನಿಗೆ 'ಪೈಲಟ್' ಎಂದು ಹೆಸರಿಟ್ಟು, ಪರೀಕ್ಷೆಯಲ್ಲಿ ಅವನು ಡುಮ್ಕಿ ಹೊಡೆದ ದಿನ ಪೈಲಟ್ ಕೆಳಗೆ ಬಿದ್ದ ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದರು. ಆದರೆ ಬಂದದ್ದು ನಿಜ. ಯುದ್ಧದ ಕಾಲದಲ್ಲಿ ಮಿಲಿಟರಿಯವರು ಸಣ್ಣ ಕವಲಿಗೆ ಅಡ್ಡಲಾಗಿ ಮರದ ದಿಮ್ಮಿಗಳ ಸೇತುವೆ ಕಟ್ಟಿ, ಲಾರಿಗಳಲ್ಲಿ ಜಲ್ಲಿ ತಂದು, ತಿಟ್ಟಿನ ಬಡಗಣ ತುದಿಯಲ್ಲಿ ಹೊಲಗಳನ್ನು ಸಮ ಮಾಡಿ ಉದ್ದಾನುದ್ದ ಒಂದು ದಾರಿ ಹಾಸಿದರು. ಆ ದಾರಿ ಯಾವ ಊರಿಗೂ ಹೋಗುತ್ತಿರಲಿಲ್ಲ. ಹೊಳೆಯ ಹತ್ತಿರ ಶುರುವಾಗಿ ಹೊಳೆಯ ಹತ್ತಿರವೇ ಮುಗಿಯುತ್ತಿತ್ತು. ಒಂದೇ ಒಂದು ವಿಮಾನ ಇಳಿಯಿತು, ಅದೂ ಎಂಜಿನು ಕೆಟ್ಟು. ಕೆಲವು ದಿನ ನಿಂತು ರಿಪೇರಿಯಾಗಿ ಹಾರಿಹೋಯಿತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಡೇರೆ ಕಿತ್ತರು. ಮುಂದಿನ ಮಳೆಗಾಲದ ಹೊಳೆ ಸೇತುವೆಯನ್ನು ಒಯ್ದಿತು. ಜಲ್ಲಿ ಹಾಸಿದ ಬಯಲು ಮಾತ್ರ ಉಳಿಯಿತು. ಊರವರು ಅದರ ಮೇಲೆ ಹುರುಳಿ ಬಡಿದರು, ಸಗಣಿ ಒಣಗಿಸಿದರು, ಅದನ್ನು ಇಮಾನದ ಬಯಲು ಎಂದು ಕರೆದರು.

ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಬಯಲು ಯಾರದು ಎಂದರೆ ಆ ಕಡೆಯವರಿಗೂ ಗೊತ್ತಿಲ್ಲ, ಈ ಕಡೆಯವರಿಗೂ ಗೊತ್ತಿಲ್ಲ. ಗೊತ್ತಿಲ್ಲದ ನೆಲದ ಮೇಲೆ ಒಂದು ಸಾಲು ಉತ್ತರೂ ಸಾಕು, ಮುಂದೆ ಅದು ಉತ್ತವನದೇ ಆಗುತ್ತದೆ ಎಂಬುದು ಪಟೇಲನಾದ ಅಣ್ಣನ ಲೆಕ್ಕ. ಜಲ್ಲಿ ಕೆರೆದು ತೆಗೆಸಿ, ಹೊಳೆಯಿಂದ ಎಂಜಿನಿನಲ್ಲಿ ನೀರೆತ್ತಿ, ಕಬ್ಬು ಹಾಕುವ ಯೋಚನೆ. ಅಡ್ಡವಿದ್ದದ್ದು ಬಯಲಿನ ಕೊನೆಯ ನಾಲ್ಕು ಗುಡಿಸಲು.

ಬಯಲಿಗೆ ಕಾಲಿಟ್ಟೊಡನೆ ಕೆಳಗಿನಿಂದ ಕಾವು ಹತ್ತಿತು. ವೈಶಾಖದ ಬಿಸಿಲು ಜಲ್ಲಿಯ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು. ಕೊಡೆ ಬಿಚ್ಚಿದ, ಮತ್ತೆ ಮಡಚಿದ. ಕೊಡೆ ಹಿಡಿದು ಗುಡಿಸಲು ಖಾಲಿ ಮಾಡಿಸಲು ಹೋಗುವವನ ಚಿತ್ರ ಅವನಿಗೇ ಕಂಡು ಹೇಸಿಗೆಯಾಯಿತು. ಕೊಡೆಯಿಲ್ಲದೆ ಹೋದರೆ ಮಾತ್ರ ಹೇಸಿಗೆ ಕಡಿಮೆಯಾಗುವುದೇ? ಇಲ್ಲಿಯೇ, ಎಡಗಡೆಯ ಈ ಹೊಂಗೆಮರದ ಹತ್ತಿರ, ವಿಮಾನ ನಿಂತಿತ್ತು. ಮಿಲಿಟರಿಯವರಿಗೆ ನೀರು ಹೊರುವ ಕೂಲಿಗೆ ಸೇರಿದ್ದ ಚಿಕ್ಕಸಿದ್ದಯ್ಯ ಎರಡೂ ಕೈಯಲ್ಲಿ ಡಬ್ಬ ಹಿಡಿದು ಬರುತ್ತಿದ್ದ, ಮೊಣಕಾಲಿಗೆ ತಗಲಿ ನೀರು ತುಳುಕುತ್ತಿತ್ತು. "ಮುಟ್ಟಿ ನೋಡ್ದೆ ಕಣ್ರಿ," ಅಂದಿದ್ದ, "ಎಮ್ಮೆ ಬೆನ್ನಿನಂಗೆ ಬೆಚ್ಗದೆ." ಇಬ್ಬರಿಗೂ ಹದಿನಾರು. ಗುರುಪಾದ ಪಟೇಲರ ಮನೆಯ ಹುಡುಗನಾದ್ದರಿಂದ ದೂರ ನಿಂತು ನೋಡಬೇಕಾಗಿತ್ತು, ಚಿಕ್ಕಸಿದ್ದಯ್ಯ ಕೂಲಿಯವನಾದ್ದರಿಂದ ಹತ್ತಿರ ಹೋಗಬಹುದಾಗಿತ್ತು. ಬದುಕಿನಲ್ಲಿ ಗುರುಪಾದ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟ ಒಂದೇ ಸಂಗತಿ ಅದು. ವಿಮಾನ ಹಾರಿದ ದಿನವೇ ಚಿಕ್ಕಸಿದ್ದಯ್ಯ ಊರಿನಿಂದ ಕಾಣೆಯಾದ. ಅವನ ತಾಯಿ ಚಿಕ್ಕನಿಂಗಮ್ಮ ಮಗ ವಿಮಾನ ಹತ್ತಿಕೊಂಡು ಹೋದನೆಂದು ನಂಬಿದಳು. ಅವನು ಮಧ್ಯಾಹ್ನ ಲಾರಿಯ ಹಿಂದೆ, ಪಾತ್ರೆಪಡಗದ ಮೂಟೆಗಳ ಮೇಲೆ ಕೂತು ಮರದ ಸೇತುವೆ ದಾಟಿದ್ದನ್ನು ಗುರುಪಾದ ನೋಡಿದ್ದ. ಚಿಕ್ಕಸಿದ್ದಯ್ಯ ಕೈ ಬೀಸಿರಲಿಲ್ಲ. ಲಾರಿ ಎಂದರೆ ಯಾವತ್ತಾದರೂ ವಾಪಸು ಬರುವಂಥದ್ದು, ಸಣ್ಣ ಸುದ್ದಿ. ಆಕಾಶಕ್ಕೆ ಹೋದ ಮಗ ದೊಡ್ಡ ಸುದ್ದಿ. ತಾಯಿಯ ಆ ದೊಡ್ಡ ಸುದ್ದಿಯನ್ನು ಊರಿನಲ್ಲಿ ಯಾರೂ ತಿದ್ದಲಿಲ್ಲ, ಅವನೂ ತಿದ್ದಲಿಲ್ಲ.

ಗುಡಿಸಲ ಮುಂದೆ ಚಿಕ್ಕನಿಂಗಮ್ಮ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತ ಕೂತಿದ್ದಳು. ಅವಳ ಹಿರಿಯ ಮಗ ದೊಡ್ಡಸಿದ್ದಯ್ಯ ಮೀನಿನ ಬಲೆಯ ತೂತು ಹೊಲಿಯುತ್ತಿದ್ದ. ಅವನ ಹೆಂಡತಿ ಪುಟ್ಟಗೌರಮ್ಮ ಗುರುಪಾದನನ್ನು ಕಂಡು ಒಳಗೆ ಹೋಗಿ ಗೋಣಿಚೀಲ ತಂದು ಕೊಡವಿ ಹಾಸಿದಳು. ಈ ನಾಲ್ಕು ಗುಡಿಸಲು ಕಟ್ಟಿದವರ ಹೊಲಗಳೇ ಜಲ್ಲಿಯ ಅಡಿಯಲ್ಲಿದ್ದವು. ಮಿಲಿಟರಿಯವರು ಹೋದ ಮೇಲೆ ತಮ್ಮ ಹೊಲ ಎಲ್ಲಿತ್ತೆಂದು ಹೆಜ್ಜೆ ಹಾಕಿ ಅಳೆದು, ಅದರ ಮೇಲೆಯೇ ಗುಡಿಸಲು ಹಾಕಿಕೊಂಡಿದ್ದರು. ಉಳುವುದಕ್ಕೆ ಬಾರದ ಹೊಲದ ಮೇಲೆ ಮಲಗುವುದನ್ನಾದರೂ ಮಾಡೋಣ ಎಂಬಂತೆ.

"ಕೂತ್ಕಳಿ ಚಿಕ್ಬುದ್ದಿ," ಎಂದ ದೊಡ್ಡಸಿದ್ದಯ್ಯ. ಯಾರೂ ಏನೂ ಹೇಳದಿದ್ದರೂ ಎದ್ದು ಹೋಗಿ ಎಳನೀರು ಕೊಚ್ಚಿ ತಂದ. ಅವರ ಮನೆಯ ನೀರು ಅವನು ಕುಡಿಯುವುದಿಲ್ಲ. ಬೇಡ ಎನ್ನುವ ಕಷ್ಟ ಅವನಿಗೆ ಬರದಿರಲೆಂದು ಅವರೇ ಮೊದಲು ಎಳನೀರು ಕೊಡುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೆಯೇ. ಅದು ಗೊತ್ತಿದ್ದೂ ಗುರುಪಾದ ಪ್ರತಿ ಸಲವೂ ಕುಡಿಯುತ್ತಿದ್ದ.

ಬುರುಡೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಎರಡು ಟವಲಿನಲ್ಲಿ ಯಾವುದರಿಂದ ಒರೆಸಿಕೊಂಡೆನೆಂದು ಒಂದು ಕ್ಷಣ ಯೋಚಿಸಿ, ಅವನು ಹೇಳಿದ: "ವಿಮಾನ ಬರ್ತದಂತೆ. ಬಯಲು ತೆರವಾಗಬೇಕು ಅಂತ ಸರ್ಕಾರದಿಂದ ಹೇಳಿದ್ದಾರೆ."

ಅಳುತ್ತಾರೆ ಅಂದುಕೊಂಡಿದ್ದ. ಇಲ್ಲವೇ ಬೇಡಿಕೊಳ್ಳುತ್ತಾರೆ, ಎಲ್ಲಿಗೆ ಹೋಗೋಣ ಬುದ್ದಿ ಎನ್ನುತ್ತಾರೆ. ಅದಕ್ಕೆ ಉತ್ತರವನ್ನೂ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ. ಚಿಕ್ಕನಿಂಗಮ್ಮನ ಕೈಯಲ್ಲಿದ್ದ ಕಲ್ಲು ಹುಣಸೆಹಣ್ಣಿನ ಮೇಲೆ ಹಾಗೆಯೇ ನಿಂತಿತು.

"ಯಾವತ್ತು?" ಅಂದಳು.

ಅದನ್ನು ಅಣ್ಣ ಹೇಳಿಕೊಟ್ಟಿರಲಿಲ್ಲ. "ಹುಣ್ಣಿಮೆ ಕಳೆದ ಮೇಲೆ," ಎಂದುಬಿಟ್ಟ ಗುರುಪಾದ.

"ಹುಣ್ಣಿಮೆ," ಎಂದಳು ಮುದುಕಿ, ಅದೊಂದು ಊರಿನ ಹೆಸರು ಎಂಬಂತೆ. ಆಮೇಲೆ ಕೈ ಊರಿ ಎದ್ದಳು. ಸೆರಗಿನಿಂದ ಹುಣಸೆ ಬೀಜಗಳು ಜಲ್ಲಿಯ ಮೇಲೆ ಚೆಲ್ಲಿದವು. "ಲೇ ಸಿದ್ದ, ಬಲೆ ಕೆಳಗಿಡು. ನಿನ್ ತಮ್ಮ ಬತ್ತಾವ್ನೆ. ಬಯಲಿನ್ ಮೇಲೆ ಇಷ್ಟ್ ಕಸ ಮಡಿಕ್ಕಂಡು ಕುಂತಿದ್ದೀವಿ." ಅವಳು ತನ್ನ ಗುಡಿಸಲಿನ ಸೂರಿಗೆ ಕೈ ಹಾಕಿ ಒಂದು ಹಿಡಿ ಹುಲ್ಲು ಎಳೆದಳು. ದೊಡ್ಡಸಿದ್ದಯ್ಯ ಗುರುಪಾದನ ಮುಖ ನೋಡಿದ. ಆ ನೋಟದಲ್ಲಿ ಅನುಮಾನವಿದೆಯೇ ಎಂದು ಗುರುಪಾದ ಹುಡುಕಿದ. ಇರಲಿಲ್ಲ. ಅನುಮಾನವಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಅವ್ವ, ಇರು, ಕೂಸು ಒಳಗದೆ," ಎಂದು ಪುಟ್ಟಗೌರಮ್ಮ ಓಡಿದಳು. ಅವಳೂ ನಗುತ್ತಿದ್ದಳು.

ಮನೆಗೆ ಬಂದಾಗ ಅಣ್ಣನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮಧ್ಯಾಹ್ನ ಚನ್ನಾಜಮ್ಮ ಗಂಡನಿಗೂ ಮುಂಚೆ ಮೈದುನನ ಎಲೆಗೆ ತುಪ್ಪ ಬಡಿಸಿದಳು. ಹಾಗೆ ಬಡಿಸಿದ್ದು ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ, ಅವನು ಮೈಸೂರಿಗೆ ಹೊರಟ ದಿನ ಒಮ್ಮೆ, ಬಿಟ್ಟರೆ ಇವತ್ತು. ತುಪ್ಪ ಅನ್ನದ ಮೇಲೆ ಹರಿದು ಅಂಚಿಗೆ ಬಂತು. ಅವನು ತಿಂದ. ಚೆನ್ನಾಗಿತ್ತು. ಚೆನ್ನಾಗಿದೆ ಎನ್ನಿಸಿದ್ದಕ್ಕೆ ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಹೊರಳಿದ. ಗೋಡೆಯ ಕಡೆ ತಿರುಗಿದರೆ ಸೂರಿನ ಹುಲ್ಲು ಎಳೆಯುವ ಮುದುಕಿಯ ಬೆರಳು, ಬಾಗಿಲ ಕಡೆ ತಿರುಗಿದರೆ ಅಣ್ಣನ ನಗು. ಎಲ್ಲೋ ಒಂದು ಕಡೆ, ಇದೆಲ್ಲ ತನ್ನ ತಪ್ಪಲ್ಲ, ತಾನು ಬರಿಯ ಬಾಯಿ, ಮಾತು ಅಣ್ಣನದು ಎಂಬ ವಾದ ಎದ್ದು ಕೂತಿತು. ಹುಣ್ಣಿಮೆ ಯಾರದು ಎಂದು ಅದನ್ನೇ ಕೇಳಿದ. ವಾದ ಮತ್ತೆ ಮಲಗಿತು.

ಶಿವರತ್ನಮ್ಮ ಬಂದು ಬಾಗಿಲ ಹತ್ತಿರ ಕೂತು ಹೂಬತ್ತಿ ಹೊಸೆಯತೊಡಗಿದಳು. ಅವಳು ಕೌದಳ್ಳಿಯವಳು, ಮಾತು ಕಡಿಮೆ. ಮಕ್ಕಳಾಗದ ಮನೆಯಲ್ಲಿ ಮಾತು ಇನ್ನೂ ಕಡಿಮೆಯಾಗಿತ್ತು.

"ಇಮಾನ ಬರೋದು ನಿಜವಾ?" ಎಂದಳು.

"ಅಣ್ಣ ಹೇಳಿದ್ದು."

"ಬಾವ್ನೋರು ಏನಂದ್ರು ಅಂತ ನಾ ಕೇಳ್ನಿಲ್ಲ."

ಅವನು ಗೋಡೆಯ ಕಡೆ ತಿರುಗಿದ. ಅವಳು ಬತ್ತಿಗಳನ್ನು ಮಡಿಲಿಗೆ ಹಾಕಿಕೊಂಡು ಎದ್ದಳು. ಹೋಗುವಾಗ, ಬಿಸಿಲಲ್ಲಿ ಒಣಗಿದ ಸೀರೆ ಮಡಚುತ್ತ, ತನಗೆ ತಾನೇ ಎಂಬಂತೆ ಅಂದಳು: "ಆ ಮುದುಕಿ ಇವತ್ತು ಮಜ್ಜಿಗೆಗೆ ಬಂದಿತ್ತು. ತುಂಬಾ ಕುಸಿಯಾಗಿತ್ತು. ದೂರದಿಂದ್ಲೇ ಕೈ ಮುಗ್ದು, ನಿಮ್ ಯಜಮಾನ್ರ ಬಾಯಿಗೆ ಸಕ್ರೆ ಹಾಕಿ ತಾಯಿ ಅಂತು."

ಎರಡು ದಿನ ಅವನು ಬಯಲಿನ ಕಡೆ ಹೋಗಲಿಲ್ಲ. ಮೂರನೆಯ ದಿನ ಹೋಗದೆ ಇರಲಾಗಲಿಲ್ಲ. ನಾಲ್ಕು ಗುಡಿಸಲಿನ ಜಾಗದಲ್ಲಿ ನಾಲ್ಕು ಚೌಕ ಮಾತ್ರ ಇದ್ದವು, ಸಗಣಿ ಸಾರಿಸಿದ ನೆಲ ಬಿಸಿಲಿಗೆ ಬಿರಿಯುತ್ತಿತ್ತು. ಬಿದಿರು, ಹುಲ್ಲು, ಮಡಕೆಗಳೆಲ್ಲ ಹೊಂಗೆಮರದ ಕೆಳಗೆ ಗುಡ್ಡೆಯಾಗಿದ್ದವು. ಅವರು ಬಯಲನ್ನು ಗುಡಿಸುತ್ತಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಗಂಡಸರು ಹೆಂಗಸರು, ಬೇರೆ ಕೂಲಿಯವರೂ ಸೇರಿ, ಹುಲ್ಲು ಕೀಳುತ್ತಿದ್ದರು, ಕಲ್ಲು ಆರಿಸುತ್ತಿದ್ದರು. ಅಣ್ಣ ಕೂಲಿ ಕೊಟ್ಟು ಮಾಡಿಸಿದರೂ ಇಷ್ಟು ಚೊಕ್ಕಟವಾಗುತ್ತಿರಲಿಲ್ಲ. ಹದಿಮೂರು ವರ್ಷದ ಕಸದ ಕೆಳಗಿನಿಂದ ಜಲ್ಲಿ ನೀಲಿಯಾಗಿ ಮೇಲೆ ಬಂದಿತ್ತು. ನೋಡುತ್ತ ನಿಂತ ಗುರುಪಾದನಿಗೆ ಒಂದು ಗಳಿಗೆ, ಈ ಬಯಲಿಗೆ ಏನಾದರೂ ಬಂದು ಇಳಿಯಲೇಬೇಕು, ಇಳಿಯದಿದ್ದರೆ ಅನ್ಯಾಯ ಎನ್ನಿಸಿತು. ಆಮೇಲೆ ತನ್ನ ಸುಳ್ಳು ನೆನಪಾಯಿತು.

ಚಿಕ್ಕನಿಂಗಮ್ಮ ಹಿಡಿಸೂಡಿ ಹಿಡಿದು ಕುಕ್ಕರುಗಾಲಲ್ಲಿ ಮುಂದೆ ಸರಿಯುತ್ತಿದ್ದಳು. ಅವನು ಅವಳ ಪಕ್ಕ ಹೋಗಿ ಕೂತ. ಹಾಗೆ ಅವಳ ಪಕ್ಕ ಬರಿ ನೆಲದ ಮೇಲೆ ಅವನು ಕೂತದ್ದು ಅದೇ ಮೊದಲು. ಅವಳು ಗಾಬರಿಯಾಗಿ ಗೋಣಿಚೀಲಕ್ಕೆ ಸುತ್ತ ನೋಡಿದಳು.

"ಅವ್ವ, ಕೇಳು. ವಿಮಾನ ಬರಲ್ಲ."

ಮುದುಕಿ ಕಿವಿ ಮುಂದೆ ತಂದಳು.

"ಬರಲ್ಲ. ನಾನು ಹೇಳಿದ್ದು ಸುಳ್ಳು. ಬಯಲು ಖಾಲಿಯಾಗಲಿ ಅಂತ ಅಣ್ಣ ಹೇಳಿಸಿದ. ಕಬ್ಬು ಹಾಕ್ತಾನಂತೆ. ಇನ್ನೊಂದು ವಿಷಯ, ನಿನ್ನ ಮಗ ವಿಮಾನದಲ್ಲಿ ಹೋಗಲೇ ಇಲ್ಲ. ಲಾರಿಯಲ್ಲಿ ಹೋದ. ನಾನು ಕಣ್ಣಾರೆ ನೋಡಿದ್ದೇನೆ." ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಹೊಡೆಯಲಿ, ಮಣ್ಣು ತೂರಲಿ, ಊರೆಲ್ಲ ಕೂಡಿಸಲಿ, ಏನಾದರೂ ಆಗಲಿ.

ಚಿಕ್ಕನಿಂಗಮ್ಮ ಹಿಡಿಸೂಡಿಯ ತುದಿಯನ್ನು ಜಲ್ಲಿಗೆ ಕುಟ್ಟಿ ಸಮ ಮಾಡಿಕೊಂಡಳು. "ನಿಮ್ಮಣ್ಣೋರು ಹೇಳ್ಕೊಟ್ರಾ ಹಿಂಗನ್ನು ಅಂತ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಅವನ ಮೇಲೆ ಮರುಕವಿತ್ತು.

"ಇಲ್ಲ ಅವ್ವ, ಇದು ನಿಜ. ಮೊದಲು ಹೇಳಿದ್ದು..."

"ಮೊದ್ಲು ಹೇಳ್ದಾಗ ನಿಮ್ ಮೊಕ ಬೇರೆ ತರ ಇತ್ತು ಮೊಗ. ಈಗ ನೋಡಿ, ಹೆಂಗೆ ನಡುಗ್ತಾ ಇದೀರಿ. ಸುಳ್ಳು ಹೇಳೋರು ಹಿಂಗೇ ನಡುಗೋದು." ಅವಳು ಕೈ ಚಾಚಿ, ಮುಟ್ಟದೆ, ಅವನ ಮೊಣಕಾಲಿನ ಹತ್ತಿರ ನೆಲ ತಟ್ಟಿದಳು. "ಪಟೇಲ್ರು ದೊಡ್ಡೋರು. ನನ್ ಮಗ ದೊರೆ ಆಗಿ ಇಮಾನ್ದಲ್ಲಿ ಇಳಿದ್ರೆ ಅವ್ರಿಗೆ ನೋವಾಯ್ತದೆ. ಅದುಕ್ಕೆ ಬರಲ್ಲ ಅನ್ನು ಅಂತ ಕಳ್ಸವ್ರೆ. ನೀವೇನ್ ಮಾಡೀರಿ. ಓಗಿ, ಬಿಸ್ಲದೆ."

ಅವನು ಎದ್ದ. ದೊಡ್ಡಸಿದ್ದಯ್ಯನ ಹತ್ತಿರ ಹೋಗಿ ಅದನ್ನೇ ಹೇಳಬಹುದಾಗಿತ್ತು. ಹೋದ ಕೂಡ. ದೊಡ್ಡಸಿದ್ದಯ್ಯ ಬೆನ್ನು ನೆಟ್ಟಗೆ ಮಾಡಿ ಕೈಮುಗಿದು, "ಎಲ್ಲ ನಿಮ್ಮಿಂದ ಚಿಕ್ಬುದ್ದಿ," ಎಂದ. ಬಾಯಿ ತೆರೆದ ಗುರುಪಾದ ಬಿಸಿಲು ಜಾಸ್ತಿ ಎಂದು ಏನೋ ಹೇಳಿ ತಿರುಗಿದ. ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ನಗು ಬಂತು, ಹುಣಸೆಮರಕ್ಕೆ ಕೈಯೂರಿ ನಿಂತು ನಕ್ಕ. ಮೊದಲ ದಿನ ತನ್ನ ಮುಖ ನಡುಗದೆ ಇದ್ದದ್ದು ಹೇಗೆ? ಬೇರೆಯವರ ಮಾತನ್ನು ಹೇಳುವಾಗ ಮುಖಕ್ಕೆ ಕೆಲಸವಿರಲಿಲ್ಲ. ತನ್ನದೇ ಮಾತು ಹೇಳಿದ್ದು ಬದುಕಿನಲ್ಲಿ ಒಂದೆರಡು ಸಲವೋ ಏನೋ, ಅಭ್ಯಾಸವಿಲ್ಲದ ಮೈ ನಡುಗಿತು.

ಸೋಮವಾರ ಒಳ್ಳೆಯ ದಿನವೆಂದು ಅಣ್ಣ ಬೆಳಿಗ್ಗೆಯೇ ಎತ್ತುಗಳ ಕೊಂಬಿಗೆ ಎಣ್ಣೆ ಸವರಿಸಿದ. ಕಬ್ಬಿಣದ ನೇಗಿಲುಗಳನ್ನು ಕೊಳ್ಳೇಗಾಲದಿಂದ ತರಿಸಿ ಆಗಲೇ ತಿಂಗಳಾಗಿತ್ತು. "ನೀನೂ ಬಾ," ಎಂದ ಗುರುಪಾದನಿಗೆ. "ಮೊದಲ್ನೇ ಸಾಲಿಗೆ ಮನೆಯೋರೆಲ್ಲ ಇರ್ಬೇಕು." ಚನ್ನಾಜಮ್ಮ ಆರತಿ ತಟ್ಟೆ ಹಿಡಿದಳು. ಶಿವರತ್ನಮ್ಮ ನೀರಿನ ಚೆಂಬು ಹಿಡಿದು ಹಿಂದೆ ಬಂದಳು. ಮೋಡ ಮುಸುಕಿದ ಬೆಳಿಗ್ಗೆ. ಪಡುವಣ ಗಾಳಿ ಎದ್ದು ಹೊಳೆಯ ಕಡೆಯಿಂದ ಹಸಿ ವಾಸನೆ ಬರುತ್ತಿತ್ತು.

ಬಯಲಿನಲ್ಲಿ ಜನ ಸೇರಿದ್ದರು. ಊರೆಲ್ಲ ಅಲ್ಲ, ಆದರೂ ಅರ್ಧ ಊರು. ಹುಣ್ಣಿಮೆಗೆ ಇನ್ನೂ ದಿನವಿತ್ತು. ಆದರೂ ಬಯಲು ನೋಡಲು ಬರುವುದು ಕೆಲವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಎತ್ತುಗಳು ಜಲ್ಲಿಯ ಅಂಚಿಗೆ ಬಂದಾಗ ಮಾತು ನಿಂತಿತು. ನೇಗಿಲು ಹಿಡಿದವರಲ್ಲಿ ಮುಂದಿದ್ದವನು ಚೆನ್ನಯ್ಯ, ಅಣ್ಣನ ಮನೆಯ ಆಳು. ಅವನು ನಿಂತು ಯಜಮಾನನ ಕಡೆ ನೋಡಿದ.

"ಇಮಾನ ಇಳಿಯೋ ಕಡೆ ಯಾಕೆ ಬುದ್ದಿ ನೇಗ್ಲು?" ಎಂದಳು ಚಿಕ್ಕನಿಂಗಮ್ಮ. ಯಾರನ್ನೂ ಕೆಣಕುವ ಕೇಳಿಕೆಯಲ್ಲ, ತಿಳಿಯದೆ ಕೇಳಿದ್ದು.

ಪುಟ್ಟಬಸಪ್ಪ ಅದಕ್ಕೆ ತಯಾರಾಗಿ ಬಂದಿದ್ದ. "ಬರಲ್ಲವಂತೆ ಕಣಮ್ಮಿ. ಇಮಾನ ಬ್ಯಾರೆ ಕಡೀಕೆ ಓಯ್ತಂತೆ. ನೆನ್ನೆ ಸುದ್ದಿ ಬಂತು."

"ಯಾರು ತಂದ್ರು ಬುದ್ದಿ?" ಎಂದ ಹರಿಗೋಲಿನ ಕೆಂಪನಂಜಪ್ಪ, ಗುಂಪಿನ ಹಿಂದಿನಿಂದ. ಅವನದು ಬರಿಯ ಕುತೂಹಲ. ಊರಿಗೆ ಬಂದವರು ಹೋದವರೆಲ್ಲ ಅವನ ಹರಿಗೋಲಿನಲ್ಲೇ ಬರಬೇಕು, ಹೋಗಬೇಕು. "ನೆನ್ನೆ ಹೊಳೆಲಿ ನೀರು ಜಾಸ್ತಿ ಅಂತ ನಾನು ಹರಿಗೋಲೇ ಇಳಿಸ್ನಿಲ್ವಲ್ಲ."

ಯಾರೋ ಒಬ್ಬರು ಕೆಮ್ಮಿದರು. ಅಣ್ಣನ ಕುತ್ತಿಗೆಯ ಮೇಲೆ ಕೆಂಪು ಏರುವುದನ್ನು ಗುರುಪಾದ ನೋಡಿದ. ಚಿಕ್ಕಂದಿನಿಂದ ಆ ಕೆಂಪು ಕಂಡರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಈಗಲೂ ಸರಿದ. ಅಣ್ಣ ತಿರುಗಿ, ಎಲ್ಲರಿಗೂ ಕೇಳುವಂತೆ, ಆದರೆ ಮನೆಯೊಳಗಿನ ಮೆತ್ತಗಿನ ದನಿಯಲ್ಲಿ ಹೇಳಿದ: "ಗುರುಪಾದ, ನೀ ಹೇಳು. ನೀನೇ ಅಲ್ವಾ ಮೊದ್ಲು ಹೇಳ್ದೋನು. ಇಮಾನ ಬರಲ್ಲ ಅಂತ ನೀನೇ ಹೇಳು."

ಅದು ನಿಜವಾಗಿತ್ತು. ಮೊನ್ನೆ ನಡುಗುತ್ತ ಹೇಳಿ ನಂಬಿಸಲಾಗದೆ ಹೋದ ನಿಜ. ಈಗ ಹೇಳಿದರೆ, ಅಣ್ಣ ಪಕ್ಕದಲ್ಲಿರುವಾಗ ಹೇಳಿದರೆ, ನಂಬಿಯೇ ನಂಬುತ್ತಾರೆ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಚೆನ್ನಯ್ಯ ಎತ್ತಿನ ಬೆನ್ನ ಮೇಲಿಂದ, ಪುಟ್ಟಗೌರಮ್ಮ ಕೂಸಿನ ತಲೆಯ ಮೇಲಿಂದ, ಶಿವರತ್ನಮ್ಮ ಚೆಂಬಿನ ಮೇಲಿಂದ. ಚಿಕ್ಕನಿಂಗಮ್ಮ ಮಾತ್ರ ಅವನನ್ನು ನೋಡುತ್ತಿರಲಿಲ್ಲ; ಎತ್ತಿನ ಗೊರಸು ತುಳಿದು ಕದಲಿಸಿದ ಜಲ್ಲಿಯನ್ನು ಕಾಲಿನಿಂದ ಮತ್ತೆ ಸಮ ಮಾಡುತ್ತಿದ್ದಳು. ಗುರುಪಾದ ಮೈ ನಡುಗಲು ಶುರುವಾಗುತ್ತದೆಂದು ಕಾದ. ಆಗಲಿಲ್ಲ.

"ಬತ್ತದೆ," ಎಂದ.

ತನ್ನ ಬಾಯಲ್ಲಿ ಆ ಮಾತು ಹಾಗೆ, ಊರಿನವರ ಹಾಗೆ ಬಂದದ್ದು ಅವನಿಗೇ ಕೇಳಿಸಿತು. ಮೈಸೂರಿಗೆ ಹೋಗಿ ಬಂದಮೇಲೆ ಅವನು ಹಾಗೆ ಮಾತಾಡಿದ್ದೇ ಇಲ್ಲ.

"ಗುರುಪಾದ."

"ಬತ್ತದೆ ಅಣ್ಣ. ಈ ಹುಣ್ಣಿಮೆ ಅಲ್ಲದಿದ್ರೆ ಇನ್ನೊಂದು ಹುಣ್ಣಿಮೆಗೆ. ಸರ್ಕಾರದ ಬಯಲು ಇದು. ಉತ್ತೋರು ಯಾರು ಅಂತ ಕೇಳಿದ್ರೆ ಹೊನ್ನೆತಿಟ್ಟಿನ ಪಟೇಲ್ರು ಅಂತ ಆಯ್ತದೆ. ಬ್ಯಾಡ."

ಚೆನ್ನಯ್ಯ ನೇಗಿಲ ಹಿಡಿಯಿಂದ ಕೈ ತೆಗೆದ. ಅವನ ಹಿಂದಿದ್ದವರೂ ತೆಗೆದರು. ಸರ್ಕಾರ ಎಂಬ ಮಾತಿಗೆ ಹೆದರಿದರೋ, ಮುದುಕಿಯ ಮುಖ ನೋಡಿ ತೆಗೆದರೋ ಹೇಳುವುದು ಕಷ್ಟ. ತಮ್ಮನನ್ನು ಪುಟ್ಟಬಸಪ್ಪ ನೋಡಿದ ರೀತಿ ಬೇರೆಯಾಗಿತ್ತು. ಬಿಟ್ಟುಹೋದ ಸಾಮಾನನ್ನು ನೋಡುವಂತೆ ಅಲ್ಲ, ಎದುರಿಗೆ ನಿಂತ ಗಂಡಸನ್ನು ನೋಡುವಂತೆ. ಅದು ಪ್ರೀತಿಯೇನೂ ಆಗಿರಲಿಲ್ಲ. "ಎತ್ತು ಹೊಡ್ಕಂಡು ನಡೀರ್ಲಾ," ಎಂದ ಆಳುಗಳಿಗೆ. ಗುರುಪಾದನ ಪಕ್ಕ ಹಾಯುವಾಗ ಅವನಿಗಷ್ಟೇ ಕೇಳುವಂತೆ, "ಇವತ್ತಿಂದ ನಿಂದು ಒಲೆ ಬ್ಯಾರೆ," ಎಂದ. ಚನ್ನಾಜಮ್ಮ ಹಚ್ಚದ ಆರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗಂಡನ ಹಿಂದೆ ನಡೆದಳು. ಶಿವರತ್ನಮ್ಮ ಹೋಗಲಿಲ್ಲ. ಚೆಂಬಿನ ನೀರನ್ನು ಪುಟ್ಟಗೌರಮ್ಮನ ಕೂಸಿಗೆ ಕುಡಿಸಿ, ಉಳಿದದ್ದನ್ನು ಗಂಡನ ಕೈಗೆ ಕೊಟ್ಟಳು. ಅವನು ಕುಡಿದ ಮೇಲೆ, "ಒಲೆಗೆ ಕಲ್ಲು ಇಲ್ಲಿಂದ್ಲೇ ತಕಂಡೋಗಾನ," ಎಂದು ಹೊಳೆಯ ಅಂಚಿನ ಕಡೆ ಹೊರಟಳು.

ಮಧ್ಯಾಹ್ನದ ಹೊತ್ತಿಗೆ ಮೋಡ ಕಪ್ಪಾಯಿತು. ಜನ ಚದುರಿದರು. ಮೂರು ಗುಡಿಸಲಿನವರು ಮಳೆಗೆ ಹೆದರಿ ಬಿದಿರು ಹೊತ್ತು ತಂದು, ತಮ್ಮ ತಮ್ಮ ಚೌಕಗಳಲ್ಲಿ ಕುಣಿ ತೋಡತೊಡಗಿದರು. ಇಮಾನ ಬಂದಾಗ ಮತ್ತೆ ಕಿತ್ತರಾಯಿತು ಎಂದು ಅವರವರೇ ಮಾತಾಡಿಕೊಂಡರು. ಚಿಕ್ಕನಿಂಗಮ್ಮ ಮಾತ್ರ ತನ್ನ ಗುಡಿಸಲು ಕಟ್ಟಗೊಡಲಿಲ್ಲ. ಹೊಂಗೆಮರದ ಕೆಳಗೆ ಹರಿದ ಕಂಬಳಿ ಹೊದ್ದು ಕೂತಳು. ದೊಡ್ಡಸಿದ್ದಯ್ಯ ಬೇಡಿಕೊಂಡ, ರೇಗಿದ, ಕೊನೆಗೆ ಬಂದು ಗುರುಪಾದನ ಮುಂದೆ ನಿಂತ. "ನೀವೇ ಹೇಳಿ ಚಿಕ್ಬುದ್ದಿ. ನನ್ ಮಾತು ಕೇಳಾಕಿಲ್ಲ. ಇಮಾನಕ್ಕೆ ನಮ್ ಗುಡ್ಲೇ ಅಡ್ಡ ಆಗೋದು ಅಂತದೆ. ಮಳೆಲಿ ನೆಂದ್ರೆ ಉಳಿಯಾಕಿಲ್ಲ ಅವ್ವ."

ಗುರುಪಾದ ಹೋಗಿ ಅವಳ ಮುಂದೆ ಕೂತ. ಅವಳ ಕಣ್ಣು ಮೋಡದ ಮೇಲಿತ್ತು. ಬಯಲು ಉಳಿಯಿತು, ಮುದುಕಿಯ ಸೂರು ಹೋಯಿತು. ತನ್ನ ಬಾಯಿಂದ ಬಂದ ಮೂರು ಅಕ್ಷರ ಎರಡನ್ನೂ ಮಾಡಿತ್ತು. ಈಗ ನಿಜ ಹೇಳಿದರೆ ಬಯಲು ಹೋಗುತ್ತದೆ, ಸುಮ್ಮನಿದ್ದರೆ ಇವಳು ಹೋಗುತ್ತಾಳೆ. ಇವೆರಡರ ನಡುವೆ ಒಂದು ಸಣ್ಣ ಸಂದಿ ಇತ್ತು. ಅದರೊಳಗೆ ಅವನು ತಲೆ ತಗ್ಗಿಸಿ ನುಗ್ಗಿದ.

"ಮಳೆಗಾಲದಲ್ಲಿ ಇಮಾನ ಇಳಿಯಲ್ಲ ಅವ್ವ. ಜಲ್ಲಿ ಜಾರ್ತದೆ. ದೀಪಾವಳಿ ಕಳೀಲಿ."

ಚಿಕ್ಕನಿಂಗಮ್ಮ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನೂ ನೋಡಿದ. "ದೀಪಾವಳಿ," ಎಂದಳು.

"ಹೂಂ."

"ಅಲ್ಲೀಗಂಟ ನಾನ್ಯಾಕೆ ನೆನೀಲಿ ಅನ್ನಿ." ಅವಳು ಎದ್ದು, ಗುಡ್ಡೆಯಿಂದ ಉದ್ದನೆಯ ಬಿದಿರೊಂದನ್ನು ಆರಿಸಿ, ತುದಿಯನ್ನು ಅವನ ಕೈಗೆ ಕೊಟ್ಟಳು. "ಹಿಡ್ಕಳಿ ಮೊಗ. ಸಿದ್ದ ಒಬ್ನೇ ಎತ್ನಾರ."

ಅವನು ಬದುಕಿನಲ್ಲಿ ಗುಡಿಸಲು ಎತ್ತಿದವನಲ್ಲ. ಬಿದಿರಿನ ಗಿಣ್ಣು ಅಂಗೈಗೆ ಒತ್ತಿತು. ದೊಡ್ಡಸಿದ್ದಯ್ಯ ಕುಣಿಗೆ ಕಲ್ಲು ತುಂಬಿ ಕುಟ್ಟುತ್ತಿದ್ದ, "ನೆಟ್ಗೆ ಬುದ್ದಿ, ಇನ್ನೂ ಸ್ವಲ್ಪ ನೆಟ್ಗೆ," ಎನ್ನುತ್ತಿದ್ದ. ಮೊದಲ ಹನಿಗಳು ಜಲ್ಲಿಯ ಮೇಲೆ ಬಿದ್ದು ಬಿಸಿ ಮಣ್ಣಿನ ವಾಸನೆ ಎದ್ದಿತು. ಗುರುಪಾದ ಬಿದಿರನ್ನು ನೆಟ್ಟಗೆ ಹಿಡಿದು ನಿಂತ. ದೀಪಾವಳಿ ಕಳೆದ ಮೇಲೆ ಏನು ಹೇಳುವುದೆಂದು ಅವನು ಆಗಲೇ ಯೋಚಿಸತೊಡಗಿದ್ದ.